ಎದೆಗೆ ಮುಟ್ಟದ ನೋಟ

"ಸರಿಯಾಗಿ ನೋಡಮ್ಮಾ. ಮುಖ ತಿರುಗಿಸ್ಬೇಡ."

ಇನ್ಸ್‌ಪೆಕ್ಟರ್ ಗುರುವಪ್ಪ ಫೋಟೋವನ್ನು ಮೇಜಿನ ಮೇಲೆ ಯಮುನಳ ಕಡೆಗೆ ತಳ್ಳಿದ. ಅದರಲ್ಲಿ ಅವಳ ಭಾವ, ಗಂಡನ ಅಣ್ಣ ದೇರಪ್ಪ, ಜಗಲಿಯ ಕಂಬಕ್ಕೆ ಒರಗಿದಂತೆ ಬಿದ್ದಿದ್ದ. ಎದೆಯ ಮೇಲೆ ಅಂಗಿ ಕಪ್ಪಾಗಿತ್ತು. ಕಣ್ಣು ತೆರೆದೇ ಇತ್ತು.

ಯಮುನಳ ಅಂಗೈ ಬೆವರಿತು. ಮೇಜಿನ ಅಂಚು ಹಿಡಿದುಕೊಂಡಳು, ಆದರೆ ಕಣ್ಣು ಕೀಳಲಿಲ್ಲ. ಈ ಮನುಷ್ಯನ ಎದುರು ಮುಖ ತಿರುಗಿಸುವುದೆಂದರೆ ಸೋತಂತೆ ಎಂದು ಅವಳು ಬೆಳಗ್ಗೆಯೇ ತೀರ್ಮಾನಿಸಿಬಿಟ್ಟಿದ್ದಳು.

"ನೋಡಿದೆ. ಮತ್ತೆಂತ?"

"ನೋಡ್ದೆ, ಕೈ ನಡುಗ್ತು. ಅದು ಮನುಷ್ಯರ ಲಕ್ಷಣ. ನಿನ್ ಗಂಡ ಏನ್ ಮಾಡ್ದ ಗೊತ್ತಾ? ಇದೇ ಫೋಟೋ ಅವನ ಮುಂದೆ ಇಟ್ಟೆ. 'ಹೌದು, ನಮ್ಮಣ್ಣ' ಅಂದ. ಆಮೇಲೆ ಒಂದು ಲೋಟ ಕಾಫಿ ಸಿಗ್ತದಾ ಅಂತ ಕೇಳ್ದ. ಕಾಫಿ ಕಣಮ್ಮಾ!"

"ಕಾಫಿ ಕೇಳಿದವರನ್ನೆಲ್ಲ ನೇಣಿಗೆ ಹಾಕೋದಾದರೆ ಕೊಡಗಿನಲ್ಲಿ ಯಾರೂ ಉಳಿಯುವುದಿಲ್ಲ."

ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ನಗು ತಡೆದುಕೊಂಡ. ಗುರುವಪ್ಪ ತಡೆದುಕೊಂಡದ್ದು ಕೋಪವನ್ನು.

ದೇರಪ್ಪ ಗುಂಡೇಟಿಗೆ ಸತ್ತು ವಾರವಾಗಿತ್ತು. ಸುಂಟಿಕೊಪ್ಪದ ಆಚೆಯ ತೋಟದ ಮನೆಯಿಂದ ಅವಳ ಗಂಡ ಸೋಮಯ್ಯನನ್ನು ಹಿಡಿದು ತಂದು ಮಡಿಕೇರಿಯ ಲಾಕಪ್ಪಿಗೆ ಹಾಕಿದ್ದರು. ಇವತ್ತು ಮಧ್ಯಾಹ್ನ ಕೋರ್ಟಿಗೆ ಒಯ್ಯುತ್ತಾರೆ. ಒಮ್ಮೆ ಕೊಲೆಗಾರ ಎಂಬ ಹೆಸರು ಹೊತ್ತು ಆ ಮೆಟ್ಟಿಲು ಹತ್ತಿದರೆ ಗಂಡ ಹಿಂತಿರುಗಿ ಬರುವುದಿಲ್ಲ ಎಂದು ಯಮುನಳಿಗೆ ಚೆನ್ನಾಗಿ ಗೊತ್ತಿತ್ತು.

ಠಾಣೆಯ ಹೊರಗಿನ ಜಗಲಿಯಲ್ಲಿ ಪೊನ್ನಪ್ಪ ಪೊಲೀಸರಿಗೆ ಯಾವುದೋ ಹುಲಿಯ ಕಥೆ ಹೇಳುತ್ತಿದ್ದ. ಈತ ದೇರಪ್ಪನ ತೀರಿಹೋದ ಹೆಂಡತಿಯ ತಮ್ಮ, ಪಕ್ಕದ ತೋಟದವನು. ಯಮುನಳನ್ನು ಜೀಪಿನಲ್ಲಿ ಕರೆತಂದವನೂ ಇವನೇ. "ಧೈರ್ಯ ಬಿಡಬೇಡ ತಂಗಿ, ನಾನಿಲ್ವಾ" ಎಂದು ದಾರಿಯುದ್ದಕ್ಕೂ ಹೇಳಿದ್ದ.

ಹಾಗೆ ನೋಡಿದರೆ ಗುರುವಪ್ಪ ಕೆಟ್ಟವನಲ್ಲ. ಲಂಚ ಮುಟ್ಟುವವನಲ್ಲ, ಕೈ ಮಾಡುವವನೂ ಅಲ್ಲ. ಆದರೆ ಮನುಷ್ಯರ ಮುಖ ನೋಡಿ ಒಳಗಿರುವುದನ್ನು ಓದಬಲ್ಲೆ ಎಂಬ ಒಂದು ಖಯಾಲಿ ಅವನಿಗಿತ್ತು. ಹಾಸನದ ಕಡೆಯಲ್ಲಿದ್ದಾಗ ಅದರಿಂದಲೇ ಒಬ್ಬಿಬ್ಬರು ಕಳ್ಳರನ್ನು ಹಿಡಿದಿದ್ದನಂತೆ. ಆಮೇಲೆ ಕೇಳಬೇಕೆ!

"ನಮಸ್ಕಾರ. ಒಳಗೆ ಬಂದೇ ಬಿಟ್ಟೆ," ಎಂದು ಬಾಗಿಲಿನಿಂದ ಹೆಣ್ಣುಸ್ವರ ಕೇಳಿತು.

ಡಾಕ್ಟರ್ ಬೊಳ್ಳಮ್ಮ. ಶ್ರೀಮಂಗಲದ ಹೆಂಗಸು. ಯುದ್ಧಕಾಲದಲ್ಲಿ ಅಸ್ಸಾಮಿನ ಮಿಲಿಟರಿ ಆಸ್ಪತ್ರೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ಸೈನ್ಯ ಬಿಟ್ಟರೂ ಬೂಟು ಬಿಟ್ಟಿರಲಿಲ್ಲ. ನೆರಿಗೆ ಬೆನ್ನಿಗೆ ಹಾಕಿ ಉಟ್ಟ ಕೊಡಗಿನ ಸೀರೆ, ಕೆಳಗೆ ಟಪಟಪ ಸದ್ದು ಮಾಡುವ ಬೂಟು. ಪೊಲೀಸರು ಕೈಬಿಟ್ಟ ಎರಡು ಸಾವಿನ ಗುಟ್ಟನ್ನು ಆಕೆ ಒಡೆದಿದ್ದರಿಂದ ಇಡೀ ಮಡಿಕೇರಿ ಠಾಣೆಗೆ ಆಕೆಯ ಮೇಲೆ ಗೌರವವೂ ಇತ್ತು, ಸಿಟ್ಟೂ ಇತ್ತು.

"ಇನ್ಸ್‌ಪೆಕ್ಟರೇ, ಮೊದಲು ಆ ಹುಡುಗಿಗೆ 'ನೀನು' ಅನ್ನುವುದು ನಿಲ್ಲಿಸಿ. ಆಮೇಲೆ ನಿಮ್ಮ ಕೈ ಕೊಡಿ."

"ನನ್ನ ಕೈ ಯಾಕೆ?"

"ಕೊಡಿ ಮಾರಾಯ್ರೆ, ಕಚ್ಚುವುದಿಲ್ಲ."

ಬೊಳ್ಳಮ್ಮ ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಚೀಲದೊಳಗಿನ ಚಿತ್ರಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಹಾಕತೊಡಗಿದರು. ಎಲ್ಲ ಸ್ಟುಡಿಯೋದವನಿಂದ ತಂದವು. ಹೂಬಿಟ್ಟ ಕಾಫಿ ಗಿಡ. ತೊಟ್ಟಿಲಲ್ಲಿ ಮಗು. ಮುಗಿಲು ಮುಟ್ಟಿದ ಬೆಟ್ಟ. ಆಮೇಲೆ, ಏಕಾಏಕಿ, ಹೆಡೆ ಎತ್ತಿ ನಿಂತ ನಾಗರಹಾವು.

ಗುರುವಪ್ಪ ಕುರ್ಚಿಯ ಸಮೇತ ಹಿಂದೆ ಸರಿದ.

"ಅಬ್ಬಬ್ಬ! ನಾಡಿ ಓಟ ಕಿತ್ತಿತು. ಅಂಗೈ ಒದ್ದೆ," ಎಂದರು ಬೊಳ್ಳಮ್ಮ. "ಇದು ಕಾಗದ, ಇನ್ಸ್‌ಪೆಕ್ಟರೇ."

"ಕಾಗದ ಅಂತ ನನಗೂ ಗೊತ್ತು!"

"ಯಾವಾಗ ಗೊತ್ತಾಯ್ತು? ಹಾರಿದ ಮೇಲೆ. ನಿಮ್ಮ ಬುದ್ಧಿ ಕಾಗದ ಅನ್ನುವ ಮೊದಲೇ ಮೈ ಹೆದರಿಯಾಗಿತ್ತು. ನನ್ನ ಮಾತೂ ಅದೇ. ಕಂಡದ್ದು ಇಂಥದ್ದು ಅಂತ ತಿಳಿಯುವುದು ಒಂದು ಕೆಲಸ. ಅದನ್ನು ಕಂಡು ಎದೆ ಹೊಡೆದುಕೊಳ್ಳುವುದು ಬೇರೆ ಕೆಲಸ. ಮಿದುಳಿನಲ್ಲಿ ಎರಡಕ್ಕೂ ದಾರಿ ಬೇರೆ ಬೇರೆ."

"ಡಾಕ್ಟರಮ್ಮ, ನನಗೆ ಮಧ್ಯಾಹ್ನ ಕೋರ್ಟಿದೆ."

"ಅದಕ್ಕೇ ಈಗ ಬಂದದ್ದು. ಕೇಳಿ. ಕಣ್ಣಿನಿಂದ ಹೊರಟದ್ದು ತಲೆಯ ಹಿಂಭಾಗಕ್ಕೆ ಹೋಗ್ತದೆ. ಅಲ್ಲಿಂದ ಮುಂದೆ ಹೋಗಿ, ಇವನು ಅಣ್ಣ, ಇದು ಹಾವು ಅಂತ ಹೆಸರು ಹಿಡಿಯುವುದು ಒಂದು ದಾರಿ. ಇನ್ನೊಂದು ದಾರಿ ಕೆಳಗೆ ಇಳಿಯುತ್ತದೆ, ಕಿವಿಯ ನೇರಕ್ಕೆ, ಒಳಗೆ. ಹೆದರಿಕೆ, ಪ್ರೀತಿ, ಹೇಸಿಗೆ ಎಲ್ಲ ಏಳುವುದು ಅಲ್ಲಿ. ಎದೆ ಬಡಿತ, ಬೆವರು ಎಲ್ಲದಕ್ಕೂ ಅಲ್ಲಿಂದ ಹುಕುಂ ಹೊರಡಬೇಕು. ಸೋಮಯ್ಯನ ಮಿಲಿಟರಿ ಕಾಗದ ನೋಡಿಯೇ ಬಂದಿದ್ದೇನೆ, ಬರ್ಮಾ ಯುದ್ಧದಲ್ಲಿ ಅವನಿಗೆ ಶೆಲ್ಲಿನ ಚೂರು ಹೊಕ್ಕಿದ್ದು ಆ ಕೆಳಗಿನ ದಾರಿಗೆ. ಕಣ್ಣು ಚೆನ್ನಾಗಿದೆ, ಗುರುತೂ ಸಿಗ್ತದೆ. ಅಂಚೆ ಆಫೀಸಿಗೆ ತಂತಿ ಬಂದಿದೆ, ಮನೆಗೆ ತಲುಪಿಸುವವರಿಲ್ಲ."

"ಇದು ಯಾವ ಪುಸ್ತಕದಲ್ಲಿದೆ?"

"ಪೂರ್ತಿಯಾಗಿ ಯಾವುದರಲ್ಲೂ ಇಲ್ಲ. ಅಂಥ ಗಾಯದವರು ನಮ್ಮ ವಾರ್ಡಿನಲ್ಲಿದ್ದರು. ಒಬ್ಬ ತನ್ನ ಊರು ಸುಟ್ಟುಹೋದ ಫೋಟೋ ನೋಡಿ ಆಕಳಿಸಿದ. ಪೇಪರಿನಲ್ಲಿದ್ದ ಆ ಸುದ್ದಿಯನ್ನೇ ಪಕ್ಕದವನು ಓದಿ ಹೇಳಿದಾಗ ಹಾಸಿಗೆ ಕಚ್ಚಿಕೊಂಡು ಅತ್ತ. ಕಿವಿಯ ದಾರಿ ಬೇರೆ, ಅದು ಉಳಿದಿತ್ತು."

ಯಮುನ ಮೇಜಿನ ಅಂಚು ಬಿಟ್ಟು ಡಾಕ್ಟರಮ್ಮನ ಕಡೆಗೆ ತಿರುಗಿದಳು.

ಯುದ್ಧಕ್ಕೆ ಹೋಗುವ ಮೊದಲು ಸೋಮಯ್ಯ ಅವಳನ್ನು ತೋಟದ ಬಾಗಿಲ ಉಣುಗೋಲಿನ ಹತ್ತಿರ ಕಂಡರೆ ಸಾಕು, ಮುಖ ಅರಳಿಸುತ್ತಿದ್ದ. ವಾಪಸು ಬಂದವನು ಗೋಡೆ ನೋಡಿದಂತೆ ಅವಳನ್ನು ನೋಡುತ್ತಿದ್ದ. ಹೊಸ ಸೀರೆ ಉಟ್ಟು ನಿಂತರೂ ಅಷ್ಟೆ, ಜ್ವರ ಬಂದು ಮಲಗಿದರೂ ಅಷ್ಟೆ. ದೀಪ ಆರಿಸಿ ಮಾತಾಡುತ್ತ ಮಲಗಿದಾಗ ಮಾತ್ರ ಹಳೆಯ ಸೋಮಯ್ಯ ಸಿಗುತ್ತಿದ್ದ. ಹಗಲು ಕಂಡರಾಗದವಳು ಕತ್ತಲಲ್ಲಿ ಬೇಕೇನು ಎಂದು ಅವಳು ಎಷ್ಟೋ ಸಲ ಸಿಟ್ಟಿನಿಂದ ಮಗ್ಗುಲು ತಿರುಗಿದ್ದಳು. ಈಗ ಆ ಸಿಟ್ಟು ನೆನಪಾಗಿ ಅವಳಿಗೆ ತನ್ನ ಮೇಲೇ ಕೋಪ ಬಂತು.

"ಕರೆಸಿ ಅವನನ್ನ," ಎಂದ ಗುರುವಪ್ಪ. "ನನ್ನ ಕಣ್ಣೆದುರಿಗೇ ಆಗಲಿ."

ಠಾಣೆಯ ಹಿಂದಿನ ಕೋಣೆಯಲ್ಲಿ ಸೋಮಯ್ಯನನ್ನು ಕೂರಿಸಿದರು. ಗಡ್ಡ ಬೆಳೆದಿತ್ತು. ಬಲಗಿವಿಯ ಹಿಂದೆ ಕೂದಲಿಲ್ಲದ ಗಾಯದ ಗುರುತು. ಯಮುನಳನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಬೊಳ್ಳಮ್ಮ ನಾಡಿ ಹಿಡಿದರು. ಗುರುವಪ್ಪನೂ ಬಿಡಲಿಲ್ಲ, ಇನ್ನೊಂದು ಕೈಯ ನಾಡಿಯನ್ನು ತಾನೇ ಹಿಡಿದುಕೊಂಡ.

ಹಾವು ಬಂತು. "ನಾಗರಹಾವು," ಎಂದ ಸೋಮಯ್ಯ. ಧಗಧಗ ಉರಿಯುವ ಪೇಟೆ ಬಂತು. "ಬೆಂಕಿ." ಬಾಯಿ ತೆರೆದ ಚಿರತೆ ಬಂತು. "ಚಿರತೆ. ಹಲ್ಲು ಒಂದು ಮುರಿದಿದೆ." ಬೊಳ್ಳಮ್ಮ ದೇರಪ್ಪನ ಹೆಣದ ಫೋಟೋ ಇಟ್ಟರು.

"ಅಣ್ಣ," ಎಂದ.

ಗುರುವಪ್ಪ ಹುಬ್ಬು ಗಂಟಿಕ್ಕಿ ಬೆರಳನ್ನು ಒತ್ತಿ ಹಿಡಿದ. ನಾಡಿ ಹಸು ಮೇಯುವಷ್ಟು ನಿಧಾನವಾಗಿ ನಡೆಯುತ್ತಿತ್ತು. ನಾಟಕ ಆಡುವವನು ಮುಖ ಬಿಗಿಹಿಡಿಯಬಹುದು, ನಾಡಿಯನ್ನು ಹಿಡಿಯಲಾರ. ಇನ್ಸ್‌ಪೆಕ್ಟರನ ಮುಖ ಸಣ್ಣಗಾಯಿತು.

ಆಮೇಲೆ ಬೊಳ್ಳಮ್ಮ ಇಟ್ಟದ್ದು ಮದುವೆಯ ಫೋಟೋ. ಯಮುನ ಹದಿನೆಂಟರ ಹುಡುಗಿ, ತಲೆತುಂಬ ಹೂವು.

"ಯಮುನ," ಎಂದ ಸೋಮಯ್ಯ. ಹಾವು ಅಂದ ಹಾಗೇ ಅಂದ.

ನಾಡಿ ಅಲ್ಲಾಡಲಿಲ್ಲ. ಯಮುನಳಿಗೆ ನೋವಾಯಿತು. ಕಾರಣ ಗೊತ್ತಾದ ಮೇಲೂ ನೋವಾಯಿತು, ಏನು ಮಾಡುವುದು!

"ಈಗ ನೀನು ಹಿಂದೆ ಹೋಗಿ ನಿಲ್ಲು," ಎಂದರು ಬೊಳ್ಳಮ್ಮ. "ಅವನಿಗೆ ಕಾಣಬಾರದು. ಮನೆಯಲ್ಲಿ ಕರೆಯುವ ಹಾಗೆ ಕರಿ."

ಯಮುನ ಗೋಡೆಯ ಬಳಿ ಹೋಗಿ ನಿಂತಳು.

"ಇಲ್ಲಿ ಕೇಳಿ," ಎಂದಳು. "ಊಟ ಮಾಡಿದ್ರಾ?"

ಸೋಮಯ್ಯನ ಬೆನ್ನು ನೆಟ್ಟಗಾಯಿತು. ಕುತ್ತಿಗೆಯ ಮೇಲೆ ಬೆವರು ಮೂಡಿತು. ಗುರುವಪ್ಪ ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡು, ಮತ್ತೆ ಹಿಡಿದು, "ಓಡ್ತಾ ಇದೆ! ಬಿದ್ದೂ ಎದ್ದೂ ಓಡ್ತಾ ಇದೆ!" ಎಂದ.

ಯಮುನಳ ಕಣ್ಣು ತುಂಬಿ ಹರಿಯಿತು. ಇಷ್ಟು ವರ್ಷ ಯಾರ ಎದುರೂ ಅಳದವಳು ಪೊಲೀಸು ಠಾಣೆಯಲ್ಲಿ ನಿಂತು ಅತ್ತಳು, ಅದೂ ಸಂತೋಷಕ್ಕೆ. ನಾಚಿಕೆಯೂ ಆಗಲಿಲ್ಲ.

"ಆಯ್ತಲ್ಲ," ಎಂದರು ಬೊಳ್ಳಮ್ಮ. "ಹೆಣ ನೋಡಿ ಅಳಲಿಲ್ಲ ಅಂತ ಇವನನ್ನು ಕೊಲೆಗಾರ ಮಾಡಿದಿರಿ. ಆ ಮಾತು ಈಗ ನಿಲ್ಲುವುದಿಲ್ಲ. ಬಿಡಿ ಇವನನ್ನು."

ಗುರುವಪ್ಪ ಸೋಮಯ್ಯನ ಕೈ ಬಿಟ್ಟ. ಸೋತೆ ಎಂದು ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲಿರಲಿಲ್ಲ, ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವವನೂ ಅಲ್ಲ.

"ಡಾಕ್ಟರಮ್ಮ, ಒಂದು ಪ್ರಶ್ನೆ. ಹೆಂಡ್ತಿ ಸ್ವರ ಕೇಳಿ ಎದೆ ಹೊಡ್ಕೊಂಡಿತು. ಅದು ಪ್ರೀತಿಯೋ, ಹೆದರಿಕೆಯೋ? ನಾಡಿ ಹಿಡಿದು ಹೇಳಕ್ಕಾಗತ್ತಾ?"

"ಇಲ್ಲ," ಎಂದರು ಬೊಳ್ಳಮ್ಮ. "ಸುಳ್ಳು ಹೇಳಲಾರೆ. ಎದೆ ಎರಡಕ್ಕೂ ಒಂದೇ ಥರ ಹೊಡೆದುಕೊಳ್ಳುತ್ತದೆ."

"ಸರಿ. ಹಾಗಾದ್ರೆ ನಾನು ಇಷ್ಟು ದಿನ ಬಚ್ಚಿಟ್ಟದ್ದು ಕೇಳಿ. ತೋಟದ ಆಳುಗಳ ಲೈನಿನ ಮನೆಯ ಕೆಂಚಿ ಹೇಳಿಕೆ ಕೊಟ್ಟಿದ್ದಾಳೆ. ಆ ಸಂಜೆ ಒಂದು ಗುಂಡು ಕೇಳ್ತು, ಆಮೇಲೆ ಒಂದು ಹೆಂಗಸು ಕೂಗಿದ್ದು ಕೇಳ್ತು, ಆಮೇಲೆ ಇನ್ನೊಂದು ಗುಂಡು. ಕೊಟ್ಟಿಗೆಯಲ್ಲೇ ಇದ್ದೆ, ಜನ ಸೇರಿದ ಮೇಲೇ ಬಂದೆ ಅಂದ್ರಲ್ಲ ಯಮುನಮ್ಮ ನೀವು?" ಬಹುವಚನ ಬಂದಿತ್ತು, ಆದರೆ ಮೊದಲಿಗಿಂತ ಹರಿತವಾಗಿತ್ತು. "ದೇರಪ್ಪನ ಮೈಯಲ್ಲಿ ಸಿಕ್ಕಿದ್ದು ಒಂದು ಗುಂಡೇಟು. ಎರಡನೇದು ಎಲ್ಲಿ? ಗೋಡೆ ಕೆದಕಿದ್ದಾಯ್ತು, ಕಂಬ ಕೆತ್ತಿದ್ದಾಯ್ತು. ಇವನ ಎದೆ ಹೊಡ್ಕೊಂಡದ್ದು ಯಾಕೆ? ಆ ಸಂಜೆ ಜಗಲಿಯಲ್ಲಿ ನಿಮ್ಮ ಸ್ವರ ಕೇಳಿದ್ದ, ಅದಕ್ಕೆ."

"ಯಮುನ, ಸುಮ್ಮನಿರು," ಎಂದ ಸೋಮಯ್ಯ. ಕೊಲೆಯ ವಿಷಯದಲ್ಲಿ ವಾರದಿಂದ ಅವನು ತಾನಾಗಿ ಆಡಿದ ಮೊದಲ ಮಾತು ಅದು. "ಎಂತ ಕೇಳಿದರೂ ಹೇಳಬೇಡ. ಕೊಂದದ್ದು ನಾನು ಅಂತ ಬರಕೊಳ್ಳಲಿ."

ಯಮುನ ಅವನ ಬೆನ್ನನ್ನೇ ನೋಡಿದಳು. ಒಮ್ಮೆಲೇ ಅರ್ಥವಾಯಿತು. ಅಯ್ಯೋ ದೇವರೇ, ಈ ಮನುಷ್ಯ ಕೊಂದವಳು ತನ್ನ ಹೆಂಡತಿಯೇ ಎಂದು ತಿಳಿದು ಲಾಕಪ್ಪಿನಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದಾನೆ!

ಈಗ ಅವಳು ಬಾಯಿ ಮುಚ್ಚಿಕೊಂಡರೆ ಗಂಡ ಹೋಗುತ್ತಾನೆ. ತೆರೆದರೆ ತಾನು. ಯೋಚಿಸುವುದಕ್ಕೆ ಏನಿತ್ತು? ಅವಳು ಗೋಡೆ ಬಿಟ್ಟು ಬಂದು ಮೇಜಿನ ಮುಂದೆ ನಿಂತಳು.

"ನಿಮ್ಮ ಎರಡನೇ ಗುಂಡು ಗೋಡೆಯಲ್ಲಿ ಸಿಗುವುದಿಲ್ಲ, ಇನ್ಸ್‌ಪೆಕ್ಟರೇ. ಅದು ಆಕಾಶಕ್ಕೆ ಹೋಯ್ತು. ಹಾರಿಸಿದ್ದು ನಾನು."

ಕಾನ್‌ಸ್ಟೇಬಲ್ ಒಂದು ಹೆಜ್ಜೆ ಮುಂದೆ ಬಂದ. ಗುರುವಪ್ಪ ಕೈಯಲ್ಲೇ ತಡೆದ.

"ಕೊಟ್ಟಿಗೆಯಲ್ಲಿದ್ದಾಗ ಗುಂಡು ಕೇಳಿತು. ಓಡಿ ಬಂದೆ. ಭಾವ ಜಗಲಿಯಲ್ಲಿ ಬಿದ್ದಿದ್ದರು. ಮೂಗಿಗೆ ಕೈ ಹಿಡಿದು ನೋಡಿದೆ, ಉಸಿರಿಲ್ಲ. ಭಾವಾ ಅಂತ ಕೂಗಿದೆ. ಯಾರೂ ಬರಲಿಲ್ಲ. ನಮ್ಮಲ್ಲಿ ಸಾವಿಗೆ ಜೋಡಿ ಗುಂಡು. ಒಂದೇ ಕೇಳಿದರೆ ಯಾರೋ ಹಂದಿಗೆ ಹೊಡೆದರು, ಇಲ್ಲ ಯಾರಿಗೋ ಗಂಡು ಮಗು ಆಯ್ತು ಅಂತ ಊರವರು ಕೂತಲ್ಲಿಂದ ಏಳುವುದಿಲ್ಲ. ನನಗೆ ಜನ ಬೇಕಿತ್ತು. ಗೋಡೆಯ ಕೋವಿ ತೆಗೆದೆ. ಅಂಗಳಕ್ಕಿಳಿದೆ. ಜೋಡಿ ಮಾಡಿದೆ. ಬಂದರಲ್ಲ ಜನ!"

ಜೋಡಿ ಗುಂಡಿನ ಪದ್ಧತಿ ಗುರುವಪ್ಪನಿಗೂ ತಿಳಿಯದ್ದಲ್ಲ. ಆದರೆ ಕೊಂದವನೇ ಎರಡು ಸಲ ಹೊಡೆದ, ಅದನ್ನು ಕೇಳಿ ಸಾವೆಂದು ಜನ ಓಡಿಬಂದರು ಎಂದು ಅವನು ತಿಳಿದಿದ್ದ. ಊರವರೂ ಹಾಗೇ ತಿಳಿದಿದ್ದರು.

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ಕೋವಿ ತೂಗುಹಾಕಿ ತಿರುಗಿದಾಗ ಇವರು ಹಿಂದಿನ ಅಂಗಳದಿಂದ ಬಂದರು. ಅಣ್ಣನ ಹೆಣ ನೋಡಿದರು. ಮುಖದಲ್ಲಿ ಎಂಥದೂ ಇಲ್ಲ. ಇವರೇ ಅಂದುಕೊಂಡೆ." ಯಮುನಳ ಸ್ವರ ಒಡೆಯಿತು, ಆದರೆ ತಲೆ ತಗ್ಗಲಿಲ್ಲ. "ನೀವು ಮಾಡಿದ ತಪ್ಪನ್ನು ನಾನು ನಿಮಗಿಂತ ಮೊದಲೇ ಮಾಡಿದೆ. ಆದರೂ ಬಿಟ್ಟುಕೊಡಲಿಲ್ಲ. ಈಗಲೂ ಕೊಡುವುದಿಲ್ಲ. ಬೇಕಾದರೆ ನನ್ನನ್ನು ಹಿಡಿಯಿರಿ."

"ನಾನು ನೀನು ಅಂದುಕೊಂಡೆ," ಎಂದ ಸೋಮಯ್ಯ. ಅವನು ಕಣ್ಣು ಮುಚ್ಚಿಕೊಂಡಿದ್ದ. ರೆಪ್ಪೆಯ ಕೆಳಗಿನಿಂದ ನೀರು ಇಳಿಯುತ್ತಿತ್ತು. "ಗುಂಡು, ನಿನ್ನ ಸ್ವರ, ಮತ್ತೆ ಗುಂಡು. ಬೇರೆ ಎಂತ ತಿಳಿಯಲಿ?"

"ಒಳ್ಳೆ ಗಂಡ, ಒಳ್ಳೆ ಹೆಂಡತಿ!" ಎಂದು ಬೊಳ್ಳಮ್ಮ ಗದರಿದರು. "ಇಬ್ಬರೂ ಬಾಯಿ ಮುಚ್ಚಿಕೊಂಡು ಕೊಂದವನಿಗೆ ಒಂದು ವಾರ ರಜೆ ಕೊಟ್ಟಿರಿ."

ಗುರುವಪ್ಪ ಮೇಜಿಗೆ ಬೆರಳಿನಿಂದ ಬಡಿಯುತ್ತಿದ್ದ. "ಕಥೆ ಚೆನ್ನಾಗಿದೆ. ಒಂದು ಕಡೆ ಹರಿದಿದೆ. ನಿಮ್ಮ ಮನೆ ಕೋವಿ ಜೋಡಿ ನಳಿಗೆಯದು. ನನ್ನ ಕೈಗೆ ಬಂದಾಗ ಎರಡೂ ನಳಿಗೆಯಲ್ಲಿ ಹಾರಿದ ತೋಟೆ, ಬರೀ ಖಾಲಿ ಕಾರ್ಟ್ರಿಡ್ಜು. ನೀವು ಒಂದು ಹಾರಿಸಿದ್ರೆ, ಇನ್ನೊಂದು?"

"ಆಗುವುದಿಲ್ಲ," ಎಂದಳು ಯಮುನ. "ಹಾರಿಸುವ ಮೊದಲು ಕೋವಿಯ ನಳಿಗೆ ಬಗ್ಗಿಸಿ ತೆರೆದು ನೋಡಿದೆ. ಎರಡೂ ಹೊಸ ತೋಟೆ. ಒಂದನ್ನೇ ಹಾರಿಸಿದೆ. ಇನ್ನೊಂದು ತುಂಬಿದ ಹಾಗೇ ತೂಗುಹಾಕಿದೆ. ಭಾವನನ್ನು ಕೊಂದದ್ದು ನಮ್ಮ ಕೋವಿ ಅಲ್ಲ."

"ಹಾಗಾದರೆ ತುಂಬಿದ್ದನ್ನು ತೆಗೆದು, ತನ್ನ ಕೋವಿಯ ಖಾಲಿ ತೋಟೆಯನ್ನು ಯಾರೋ ಅಲ್ಲಿಗೆ ಹಾಕಿದ್ದಾರೆ," ಎಂದರು ಬೊಳ್ಳಮ್ಮ ಮೆಲ್ಲಗೆ. "ಗೋಡೆಯಿಂದ ಇಳಿಸಿ ನಿಮ್ಮ ಕೈಗೆ ಕೊಟ್ಟವರು ಯಾರು, ಇನ್ಸ್‌ಪೆಕ್ಟರೇ?"

ಗುರುವಪ್ಪನ ಕಣ್ಣು ಪೊನ್ನಪ್ಪ ಇದ್ದ ಮುಂಜಗಲಿಯ ಕಡೆಗೆ ಹೋಯಿತು. ಯಮುನಳಿಗೂ ನೆನಪಾಯಿತು. ಜನ ಸೇರಿದ ಆ ಗದ್ದಲದಲ್ಲಿ, ಇದು ಪೊಲೀಸರಿಗೆ ಬೇಕಾಗುತ್ತದೆ ಎಂದು ಕೋವಿ ಇಳಿಸಿ ಬಗಲಿಗೆ ಹಾಕಿಕೊಂಡವನು ಒಬ್ಬನೇ.

"ಇನ್ನೊಂದುಂಟು," ಎಂದ ಸೋಮಯ್ಯ. "ಮೊದಲ ಗುಂಡಿಗಿಂತ ಮುಂಚೆ ಜಗಲಿಯಲ್ಲಿ ಒಬ್ಬ ಗಂಡಸು ಅಣ್ಣನ ಹತ್ತಿರ ಮಾತಾಡ್ತಾ ಇದ್ದ. ತಗ್ಗಿಸಿದ ಸ್ವರ. ಮಾತು ಗೊತ್ತಾಗಲಿಲ್ಲೆ, ಯಾರಂತಲೂ ಗೊತ್ತಾಗಲಿಲ್ಲೆ, ಗುಂಡಿಗೆ ಮೊದಲೇ ಹೋದ ಅಂದುಕೊಂಡಿದ್ದೆ. ನೆನೆಸಿದರೆ ಈಗಲೂ ಮೈ ಜುಂ ಅನ್ನುತ್ತದೆ."

ಗುರುವಪ್ಪ ಬಾಗಿಲಿಗೆ ಹೋಗಿ ಕರೆದ. ಪೊನ್ನಪ್ಪ ಎಲೆಯಡಿಕೆ ಜಗಿಯುತ್ತ, ನಗುತ್ತ ಒಳಗೆ ಬಂದ. ಮೇಜಿನ ಮೇಲೆ ಹರಡಿದ್ದ ಚಿತ್ರಗಳನ್ನು ನೋಡಿದ. ಸೋಮಯ್ಯನ ಮಣಿಕಟ್ಟಿನ ಮೇಲೆ ಮತ್ತೆ ಊರಿದ್ದ ಡಾಕ್ಟರಮ್ಮನ ಬೆರಳುಗಳನ್ನು ನೋಡಿದ. ನಗು ಮುಖದಲ್ಲೇ ನಿಂತುಹೋಯಿತು.

"ಪೊನ್ನಪ್ಪನವರೇ, ಇವನ ಬೆನ್ನ ಹಿಂದೆ ನಿಂತು ಒಂದು ಮಾತಾಡಿ," ಎಂದರು ಬೊಳ್ಳಮ್ಮ. "ಯಾವ ಮಾತಾದರೂ ಸರಿ. ಸ್ವರ ತಗ್ಗಿಸಿ ಆಡಿದರಾಯಿತು."

ಸೋಮಯ್ಯ ಕಣ್ಣು ಮುಚ್ಚಿಯೇ ಇದ್ದ. ಗುರುವಪ್ಪ ಅವನ ಇನ್ನೊಂದು ಕೈಯ ನಾಡಿ ಹಿಡಿದು ಕೂತ.

ಪೊನ್ನಪ್ಪ ಬಾಗಿಲ ಕಡೆ ತಿರುಗಿದ. ಅಲ್ಲಿ ಯಮುನ ಎರಡೂ ಕೈ ಚೌಕಟ್ಟಿಗೆ ಊರಿ ಅಡ್ಡ ನಿಂತಿದ್ದಳು.

"ಮಾತಾಡಿ, ಪೊನ್ನಪ್ಪಣ್ಣ," ಎಂದಳು. "ನೀವಿಲ್ವಾ!"

ಪೊನ್ನಪ್ಪ ಬಾಯಿಯಲ್ಲಿದ್ದದ್ದನ್ನು ನುಂಗಿದ. ಒಮ್ಮೆ ಬೊಳ್ಳಮ್ಮನನ್ನು ನೋಡಿದ, ಒಮ್ಮೆ ಇನ್ಸ್‌ಪೆಕ್ಟರನನ್ನು. ಎಲ್ಲರೂ ಕಾದರು.

ಅವನು ಬಾಯಿ ತೆರೆಯಲಿಲ್ಲ.